ಬಿಟ್ಟುಹೋದವರನ್ನು ಹುಡುಕಿಕೊಂಡು



ತನಗೆ ಮತ್ತೆ ಮತ್ತೆ ತಪ್ಪು ಮಾಡುವ ಸೋದರನನ್ನು ಎಷ್ಟು ಸಲ ಕ್ಷಮಿಸಬೇಕೆಂದು ಪೇತ್ರನು ಯೇಸುಸ್ವಾಮಿಯನ್ನು ಕೇಳಿದನು. ಏಳು ಸಲವೆಂದರೆ ಧಾರಾಳವಾಯಿತೆಂದೇ ಅವನ ಎಣಿಕೆ. ಪ್ರಭುವಾದರೋ ಅವನ ಲೆಕ್ಕದ ಪುಸ್ತಕವನ್ನೇ ಮುಚ್ಚಿಸಿಬಿಟ್ಟರು. ಎಣಿಸುತ್ತಾ ಹೋದರೆ ಎಣಿಕೆಯೇ ತಪ್ಪಿಹೋಗುವಂಥ ಸಂಖ್ಯೆಯನ್ನು ಹೇಳಿ, ತನ್ನ ದೊಡ್ಡ ಸಾಲ ಮನ್ನಾ ಆದ ಮೇಲೂ ಜೊತೆಗಾರನ ಚಿಕ್ಕ ಸಾಲಕ್ಕಾಗಿ ಅವನ ಕುತ್ತಿಗೆ ಹಿಡಿದ ಸೇವಕನ ಸಾಮತಿಯನ್ನು ತಿಳಿಸಿದರು (ಮತ್ತಾಯ 18:21-35).

ಈ ಶುಭಸಂದೇಶವನ್ನು ನಾವು ಬಲಿಪೂಜೆಯಲ್ಲಿ ಎಷ್ಟೋ ಸಲ ಕೇಳಿದ್ದೇವೆ. ಕೇಳುವಾಗ ತಲೆದೂಗುತ್ತೇವೆ. ಆದರೆ ದೇವಾಲಯದ ಮೆಟ್ಟಿಲಿಳಿಯುವಾಗ ಮಾತು ಬಿಟ್ಟ ತಮ್ಮ ಎದುರಾದರೆ ಮುಖ ತಿರುಗಿಸಿಕೊಳ್ಳುತ್ತೇವೆ. ಅದರಲ್ಲೂ ಒಂದು ತಪ್ಪನ್ನು ಕ್ಷಮಿಸುವುದು ಬಹಳ ಕಷ್ಟ. ನಾವು ಬಿದ್ದಿದ್ದಾಗ ನಮ್ಮನ್ನು ಬಿಟ್ಟುಹೋದವರ ತಪ್ಪು ಅದು. ಬೈದವರನ್ನು ಮರೆಯಬಹುದು, ಹೊಡೆದವರನ್ನೂ ಮರೆಯಬಹುದು. ಕೈ ಹಿಡಿಯಬೇಕಾದ ಹೊತ್ತಿನಲ್ಲಿ ಕೈ ಕೊಟ್ಟು ಹೋದವರನ್ನು ಮರೆಯುವುದು ಹೇಗೆ? ಈ ಪ್ರಶ್ನೆಯನ್ನು ಸುಮಾರು ಇನ್ನೂರು ವರ್ಷಗಳ ಹಿಂದೆ ಅಮೆರಿಕದ ಕಾಡುಮೇಡಿನಲ್ಲಿ ನಡೆದ ಒಂದು ಘಟನೆಯ ಮೂಲಕ ಇಂದು ಧ್ಯಾನಿಸೋಣ.

ಬೆಟ್ಟಗಾಡಿನ ಮನುಷ್ಯರು

1822ನೇ ಇಸವಿಯ ಫೆಬ್ರವರಿಯಲ್ಲಿ ಸೇಂಟ್ ಲೂಯಿಸ್ ಪಟ್ಟಣದ ಪತ್ರಿಕೆಯೊಂದರಲ್ಲಿ ಜಾಹೀರಾತು ಬಂದಿತು. ವಿಲಿಯಂ ಆಶ್ಲಿ ಎಂಬ ವ್ಯಾಪಾರಿಗೆ 100 ಮಂದಿ ಸಾಹಸಿ ಯುವಕರು ಬೇಕಾಗಿದ್ದರು. ಮಿಸೌರಿ ನದಿಯ ಮೂಲದವರೆಗೆ ಹೋಗಿ ಒಂದು, ಎರಡು ಇಲ್ಲವೇ ಮೂರು ವರ್ಷ ದುಡಿಯಬೇಕಿತ್ತು. ಬೀವರ್ ಎಂಬ ನೀರುಪ್ರಾಣಿಯನ್ನು ಹಿಡಿದು ಅದರ ತುಪ್ಪಳವನ್ನು ತರುವುದು ಕೆಲಸ. ದೊಡ್ಡ ನಗರಗಳ ಶ್ರೀಮಂತರು ತೊಡುತ್ತಿದ್ದ ಟೋಪಿಗಳಿಗೆ ಆ ತುಪ್ಪಳವೇ ಬೇಕಿತ್ತು. ಅವರ ತಲೆಯ ಮೇಲಿನ ಟೋಪಿಗಾಗಿ ಇವರು ಕೊರೆಯುವ ತೊರೆಗಳಲ್ಲಿ ನಿಂತು ಬೋನು ಇಡುತ್ತಿದ್ದರು. ಚರಿತ್ರೆ ಇವರನ್ನು ‘ಮೌಂಟನ್ ಮೆನ್’, ಅಂದರೆ ಬೆಟ್ಟಗಾಡಿನ ಮನುಷ್ಯರು ಎಂದು ಕರೆಯುತ್ತದೆ.

ಆ ನಾಡು ಬರಿದಾದ ನಾಡಾಗಿರಲಿಲ್ಲ. ಅರಿಕಾರ, ಲಕೋಟಾ, ಮ್ಯಾಂಡನ್, ಕ್ರೋ, ಬ್ಲ್ಯಾಕ್‌ಫೂಟ್ ಮೊದಲಾದ ಮೂಲನಿವಾಸಿಗಳ ತವರು ಅದು. ಹೊರಗಿನವರು ಬಂದಂತೆ ವ್ಯಾಪಾರವೂ ನಡೆಯಿತು, ರಕ್ತವೂ ಹರಿಯಿತು. 1823ರ ಜೂನ್ 2ರಂದು ಆಶ್ಲಿಯ ತಂಡದ ಮೇಲೆ ಅರಿಕಾರರು ದಾಳಿ ಮಾಡಿದಾಗ ಹನ್ನೆರಡಕ್ಕೂ ಹೆಚ್ಚು ಮಂದಿ ಸತ್ತರು. ಹ್ಯೂ ಗ್ಲಾಸ್ ಎಂಬ ನಡುವಯಸ್ಸಿನ ಬೇಟೆಗಾರನ ಕಾಲಿಗೂ ಗಾಯವಾಯಿತು. ಸತ್ತವರಲ್ಲಿ ಜಾನ್ ಗಾರ್ಡ್ನರ್ ಎಂಬ ಯುವಕನೊಬ್ಬನಿದ್ದನು. ಗ್ಲಾಸ್ ಆ ಯುವಕನ ತಂದೆಗೆ ಪತ್ರ ಬರೆದು, ನಿಮ್ಮ ಮಗ ತೀರಿಕೊಂಡನೆಂದೂ, ತಂಡದ ಸ್ಮಿತ್ ಎಂಬ ಯುವಕನು ಮನಮುಟ್ಟುವಂತೆ ಪ್ರಾರ್ಥಿಸಿದನೆಂದೂ, ಅವನನ್ನು ಮಣ್ಣು ಮಾಡಿದೆವೆಂದೂ ತಿಳಿಸಿದನು. ಅವನ ಹೆಸರಿನಲ್ಲಿ ಉಳಿದಿರುವ ಪತ್ರ ಇದೊಂದೇ. ಒರಟು ಮನುಷ್ಯನ ಎದೆಯಲ್ಲೂ ಇನ್ನೊಬ್ಬನ ತಂದೆಯ ದುಃಖಕ್ಕೆ ಜಾಗವಿತ್ತು.

ಒಬ್ಬನನ್ನು ಬಿಟ್ಟರು

ಅದೇ ಆಗಸ್ಟ್ ಕೊನೆಯ ಹೊತ್ತಿಗೆ ಆಂಡ್ರೂ ಹೆನ್ರಿಯ ಮುಂದಾಳುತನದಲ್ಲಿ ಚಿಕ್ಕ ತಂಡವೊಂದು ಇಂದಿನ ದಕ್ಷಿಣ ಡಕೋಟದ ಗ್ರಾಂಡ್ ನದಿಯ ಬಳಿ ಸಾಗುತ್ತಿತ್ತು. ಮುಂದೆ ಹೋಗಿದ್ದ ಗ್ಲಾಸ್ ಮರಿಗಳೊಂದಿಗಿದ್ದ ಗ್ರಿಜ್ಲಿ ಕರಡಿಯ ಎದುರಿಗೇ ಸಿಕ್ಕಿಬಿದ್ದನು. ಸಂಗಡಿಗರು ಓಡಿಬಂದು ಕರಡಿಯನ್ನು ಕೊಲ್ಲುವಷ್ಟರಲ್ಲಿ ಅದು ಅವನ ಮೈಯನ್ನೆಲ್ಲಾ ಸೀಳಿಹಾಕಿತ್ತು. ಇವನು ಬೆಳಗಿನವರೆಗೆ ಉಳಿಯುವುದಿಲ್ಲವೆಂದು ಎಲ್ಲರೂ ಎಣಿಸಿದರು. ಬೆಳಗಾಯಿತು, ಅವನು ಉಸಿರಾಡುತ್ತಲೇ ಇದ್ದನು.

ತಂಡ ನಿಲ್ಲುವಂತಿರಲಿಲ್ಲ. ಅವನು ಸಾಯುವವರೆಗೆ ಜೊತೆಗಿದ್ದು ಮಣ್ಣು ಮಾಡಿ ಬರಲು ಇಬ್ಬರು ಬೇಕೆಂದು ಹೆನ್ರಿ ಕೇಳಿದನು. ಅದಕ್ಕೆ ಹಣವನ್ನೂ ಗೊತ್ತುಮಾಡಿದನು. ಜಾನ್ ಫಿಟ್ಜ್‌ಜೆರಾಲ್ಡ್ ಎಂಬುವನೂ ಒಬ್ಬ ಹುಡುಗನೂ ಒಪ್ಪಿದರು. ಆ ಹುಡುಗ ಜಿಮ್ ಬ್ರಿಡ್ಜರ್ ಎಂದು ಪರಂಪರೆ ಹೇಳುತ್ತದೆ. ಆಗ ಅವನಿಗೆ 19 ವರ್ಷ. ತಾಯಿತಂದೆ ಇಲ್ಲದವನು, ಓದುಬರಹ ಕಲಿಯದವನು, ಕಮ್ಮಾರನ ಬಳಿ ಕೆಲಸ ಕಲಿತವನು. ಇಬ್ಬರೂ ಕೆಲವು ದಿನ ಕಾದರು. ಗ್ಲಾಸ್ ಸಾಯಲಿಲ್ಲ. ಸುತ್ತಮುತ್ತ ಶತ್ರುಗಳ ಭಯ ಹೆಚ್ಚಿತು. ಕೊನೆಗೆ ಅವನ ಬಂದೂಕು, ಚೂರಿ, ಬೆಂಕಿ ಹೊತ್ತಿಸುವ ಸಾಮಾನು ಎಲ್ಲವನ್ನೂ ತೆಗೆದುಕೊಂಡು ಹೊರಟುಹೋದರು. ತಂಡವನ್ನು ಸೇರಿ, ಅವನು ಸತ್ತನು, ಮಣ್ಣು ಮಾಡಿದೆವು ಎಂದರು.

ಗಮನಿಸಿರಿ, ಅವರು ಹುಟ್ಟಾ ದುಷ್ಟರಾಗಿರಲಿಲ್ಲ. ಉಳಿಯುತ್ತೇವೆಂದು ತಾವಾಗಿಯೇ ಮುಂದೆ ಬಂದವರು ಅವರು. ಕೆಲವು ದಿನ ಉಳಿದರು ಕೂಡ. ಭಯವೂ ಬೇಸರವೂ ಸೇರಿ ಒಂದು ಬೆಳಿಗ್ಗೆ ಅವರ ಕಾಲುಗಳನ್ನು ಎಳೆದುಕೊಂಡು ಹೋದವು. ಅನಂತರ ಮಾಡಿದ್ದನ್ನು ಮುಚ್ಚಿಡಲು ಸುಳ್ಳು ಬೇಕಾಯಿತು. ನಮ್ಮ ಮನೆಗಳಲ್ಲಿ ನಡೆಯುವ ಪಾಪಗಳೂ ಬಹುಮಟ್ಟಿಗೆ ಹೀಗೆಯೇ ಅಲ್ಲವೇ?

ಇನ್ನೊಬ್ಬನನ್ನು ಹೊಲಿದರು

ಅದೇ ವರ್ಷ ಆಶ್ಲಿಯ ಇನ್ನೊಂದು ತಂಡದಲ್ಲಿ ಇಂಥದೇ ಘಟನೆ ನಡೆಯಿತು. ಗಾರ್ಡ್ನರ್‌ನ ಮರಣದಲ್ಲಿ ಪ್ರಾರ್ಥಿಸಿದ ಜೆಡಿಡಾಯ ಸ್ಮಿತ್‌ನ ಮೇಲೆಯೇ ಗ್ರಿಜ್ಲಿ ಕರಡಿ ಬಿದ್ದಿತು. ತಲೆಯ ಚರ್ಮ ಕಿತ್ತುಬಂದು ಒಂದು ಕಿವಿ ಜೋತಾಡುತ್ತಿತ್ತು. ಏನು ಮಾಡಬೇಕೆಂದು ಯಾರಿಗೂ ತೋಚಲಿಲ್ಲ. ಸೂಜಿದಾರ ತೆಗೆದು ಹೊಲಿಯಿರಿ ಎಂದು ಸ್ಮಿತ್‌ನೇ ಹೇಳಿದನು. ಜೇಮ್ಸ್ ಕ್ಲೈಮನ್ ಎಂಬ ಸಂಗಡಿಗನು ಹೊಲಿಯಲು ಕುಳಿತನು. ಕಿವಿಯನ್ನು ಉಳಿಸಲು ನನ್ನಿಂದಾಗದು ಎಂದಾಗ, ಹೇಗಾದರೂ ಪ್ರಯತ್ನಿಸು ಎಂದನು ಸ್ಮಿತ್. ಕ್ಲೈಮನ್ ವೈದ್ಯನಲ್ಲ. ಆದರೂ ತನಗೆ ತಿಳಿದಂತೆ ಹೊಲಿದನು. ಸ್ಮಿತ್ ಬದುಕಿದನು. ಮುಂದೆ ಅನೇಕ ದಾರಿಗಳನ್ನು ಕಂಡುಹಿಡಿದವನೆಂದು ಚರಿತ್ರೆಯಲ್ಲಿ ಹೆಸರಾದನು.

ಒಂದೇ ಕಾಡು, ಒಂದೇ ಬಗೆಯ ಗಾಯ. ಒಬ್ಬನನ್ನು ಬಿಟ್ಟರು, ಇನ್ನೊಬ್ಬನನ್ನು ಹೊಲಿದರು. ನಾಳೆ ನಮ್ಮ ಮನೆಯಲ್ಲಿ ಯಾರಾದರೂ ಬಿದ್ದರೆ ನಾವು ಈ ಇಬ್ಬರ ಹಾಗೆ ಹೊರಡುವವರೋ ಅಥವಾ ನಡುಗುವ ಕೈಯಿಂದಲಾದರೂ ಸೂಜಿ ಹಿಡಿಯುವವರೋ?

ತೆವಳಿದ ದಾರಿ

ಇತ್ತ ಗ್ಲಾಸ್ ಎಚ್ಚರಗೊಂಡಾಗ ಬಳಿಯಲ್ಲಿ ಯಾರೂ ಇರಲಿಲ್ಲ. ನಿಲ್ಲಲಾಗದೆ ತೆವಳತೊಡಗಿದನು. ಕಾಡುಹಣ್ಣು, ಗೆಡ್ಡೆಗಳನ್ನು ತಿಂದನು. ತೋಳಗಳು ಕೊಂದ ಕಾಡೆಮ್ಮೆಯ ಕರುವಿನ ಹಸಿಮಾಂಸವನ್ನೂ ತಿಂದನು. ಮಿಸೌರಿ ತೀರದ ಕಯೋವಾ ಕೋಟೆ ಅಲ್ಲಿಂದ ಸುಮಾರು 320 ಕಿಲೋಮೀಟರ್ ದೂರ. ಸುಮಾರು ಆರು ವಾರಗಳ ಮೇಲೆ ಅವನು ಅಲ್ಲಿಗೆ ತಲುಪಿದನು.

ಒಬ್ಬಂಟಿಯಾಗಿ ಸಾವನ್ನು ಗೆದ್ದ ವೀರನೆಂದು ಅವನನ್ನು ಹೊಗಳುವವರುಂಟು. ಆದರೆ ಅವನು ಪೂರಾ ಒಬ್ಬಂಟಿಯಾಗಿರಲಿಲ್ಲ. ದಾರಿಯಲ್ಲಿ ಸಿಕ್ಕ ಲಕೋಟಾ ಜನರು ಅವನ ಗಾಯಗಳನ್ನು ಉಪಚರಿಸಿದರೆಂದು ಹೇಳುತ್ತಾರೆ. ಮುಂದೆ ಅವನು ಮತ್ತೆ ನದಿಯ ಮೇಲಕ್ಕೆ ಹೊರಟಾಗ ಜೊತೆಯವರು ದಾಳಿಗೆ ಸಿಕ್ಕಿ ಸತ್ತರು. ಅವನನ್ನು ಉಳಿಸಿದ್ದು ಮ್ಯಾಂಡನ್ ಜನರು. ತನ್ನವರು ಬಿಟ್ಟುಹೋದರು, ಪರಜನರು ಎತ್ತಿಕೊಂಡರು. ಯೆರಿಕೋವಿನ ದಾರಿಯಲ್ಲಿ ಬಿದ್ದಿದ್ದವನನ್ನು ಕಂಡು ನಿಂತವನೂ ಪರನಾಡಿನ ಸಮಾರಿಯದವನೇ ಅಲ್ಲವೇ?

ಗ್ಲಾಸ್‌ನನ್ನು ಮುಂದೆ ನಡೆಸಿದ್ದು ಏನು? ಅವನ ಕಥೆ ಹೇಳಿದವರೆಲ್ಲರೂ ಒಂದೇ ಮಾತು ಹೇಳುತ್ತಾರೆ: ಕೋಪ. ನನ್ನನ್ನು ಬಿಟ್ಟುಹೋದ ಇಬ್ಬರನ್ನು ಹುಡುಕಬೇಕು, ಲೆಕ್ಕ ತೀರಿಸಬೇಕು. ಕೈಗೆ ಮತ್ತೊಂದು ಬಂದೂಕು ಬಂದ ಕೂಡಲೇ ಅವನು ಚಳಿಗಾಲದಲ್ಲೇ ಹೊರಟನು. ಯೆಲ್ಲೋಸ್ಟೋನ್ ನದಿಯ ಬಾಯಿಯ ಕೋಟೆಗೆ ಹೋದರೆ ಅದು ಬರಿದಾಗಿತ್ತು. ಮುಂದೆ ನಡೆದು, 1823 ಮುಗಿಯುವ ಹೊತ್ತಿಗೆ ಬಿಗ್‌ಹಾರ್ನ್ ನದಿಯ ಬಳಿಯ ಹೊಸ ಕೋಟೆಯ ಬಾಗಿಲಲ್ಲಿ ನಿಂತನು. ಒಳಗಿದ್ದವರು ಸತ್ತವನೇ ಎದ್ದುಬಂದನೆಂದು ಬೆಚ್ಚಿಬಿದ್ದರು.

ಮುಖಾಮುಖಿ

ಅಲ್ಲಿ ಆ ಹುಡುಗನಿದ್ದನು. ತಿಂಗಳುಗಟ್ಟಲೆ ಎದೆಯಲ್ಲಿ ಕಾಯಿಸಿದ ಸೇಡು ಈಗ ಕೈಗೆಟಕುವಷ್ಟು ಹತ್ತಿರ. ಗ್ಲಾಸ್ ಅವನನ್ನು ನೋಡಿದನು. ಎದುರಿಗಿದ್ದವನು ಭಯದಿಂದ ನಡುಗುವ, ನಾಚಿಕೆಯಿಂದ ಕುಗ್ಗಿಹೋದ ಒಬ್ಬ ಹುಡುಗ. ಅವನ ಎಳೆಯ ವಯಸ್ಸನ್ನು ಕಂಡು ಗ್ಲಾಸ್ ಅವನನ್ನು ಬಿಟ್ಟುಬಿಟ್ಟನು.

ಇನ್ನು ಫಿಟ್ಜ್‌ಜೆರಾಲ್ಡ್. ಅವನು 1824ರಲ್ಲಿ ಸೈನ್ಯ ಸೇರಿ ಅಟ್ಕಿನ್ಸನ್ ಕೋಟೆಯಲ್ಲಿದ್ದನು. ಸೈನಿಕನ ಮೇಲೆ ಕೈ ಮಾಡಿದರೆ ಶಿಕ್ಷೆ ತಪ್ಪದು. ಗ್ಲಾಸ್ ಅಲ್ಲಿಗೂ ಹೋದನು. ಅಧಿಕಾರಿಗಳು ಅವನ ಬಂದೂಕನ್ನು ಅವನಿಗೆ ಕೊಡಿಸಿದರು. ತನ್ನ ಬಂದೂಕನ್ನು ತೆಗೆದುಕೊಂಡು ಅವನು ಹೊರಟುಹೋದನು.

ಈ ಕಥೆ ಮೊದಲು ಅಚ್ಚಾದದ್ದು 1825ರಲ್ಲಿ, ಫಿಲಡೆಲ್ಫಿಯದ ಪತ್ರಿಕೆಯೊಂದರಲ್ಲಿ. 2015ರಲ್ಲಿ ಇದರಿಂದ ಬಂದ ಇಂಗ್ಲಿಷ್ ಚಲನಚಿತ್ರವನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ಚಿತ್ರದವರು ಗ್ಲಾಸ್‌ಗೆ ಕೊಲೆಯಾದ ಮಗನೊಬ್ಬನನ್ನು ಸೇರಿಸಿ, ಕೊನೆಯಲ್ಲಿ ರಕ್ತ ಹರಿಯುವ ಹೊಡೆದಾಟವನ್ನು ಇಟ್ಟಿದ್ದಾರೆ. ಸೇಡಿಲ್ಲದೆ ಮುಗಿಯುವ ಕಥೆ ಲೋಕಕ್ಕೆ ಸಪ್ಪೆಯಾಗಿ ಕಾಣುತ್ತದೆ. ನಡೆದ ಕಥೆಯಲ್ಲಾದರೋ ಬಿಟ್ಟುಹೋದ ಇಬ್ಬರಲ್ಲಿ ಯಾರ ರಕ್ತವೂ ಹರಿಯಲಿಲ್ಲ.

ಕೋಪ ಎಷ್ಟು ದೂರ ನಡೆಸೀತು?

ಕೋಪವು ಗ್ಲಾಸ್‌ನನ್ನು ನೂರಾರು ಕಿಲೋಮೀಟರ್ ನಡೆಸಿತು, ಇದು ನಿಜ. ಅನ್ಯಾಯವಾದಾಗ ಕೋಪ ಬರುವುದೇ ಪಾಪವೆಂದು ಧರ್ಮಸಭೆ ಬೋಧಿಸುವುದಿಲ್ಲ. ಬಿದ್ದವನನ್ನು ಏಳಿಸುವ ಶಕ್ತಿ ಕೋಪಕ್ಕೂ ಉಂಟು. ಆದರೆ ಅದು ಕೋಟೆಯ ಬಾಗಿಲವರೆಗೆ ಮಾತ್ರ ತಂದುಬಿಡುತ್ತದೆ. ಬಾಗಿಲು ತೆರೆದ ಮೇಲೆ ಎರಡೇ ದಾರಿ: ಕೊಲ್ಲಬೇಕು ಇಲ್ಲವೇ ಕ್ಷಮಿಸಬೇಕು. ಕೊಂದಿದ್ದರೆ ಕರಡಿಯು ಶುರುಮಾಡಿದ ಕೆಲಸವನ್ನು ಅವನೇ ಮುಗಿಸಿದಂತಾಗುತ್ತಿತ್ತು.

ಸೇಡು ಬಿಡದವರ ಗತಿ ಏನಾಯಿತೆಂಬುದನ್ನೂ ಅದೇ ಕಾಡಿನಲ್ಲಿ ಕಾಣಬಹುದು. ಜೂನ್ ತಿಂಗಳ ದಾಳಿಗೆ ಪ್ರತೀಕಾರವಾಗಿ 1823ರ ಆಗಸ್ಟ್‌ನಲ್ಲಿ ಅಮೆರಿಕದ ಸೈನ್ಯ ಅರಿಕಾರರ ಮೇಲೆ ಯುದ್ಧಕ್ಕೆ ಹೋಯಿತು. ಅವರ ಊರುಗಳು ಸುಟ್ಟುಹೋದವು. ಹತ್ತು ವರ್ಷಗಳ ಮೇಲೆ, 1833ರ ಚಳಿಗಾಲದಲ್ಲಿ, ಯೆಲ್ಲೋಸ್ಟೋನ್ ನದಿಯ ಬಳಿ ಗ್ಲಾಸ್ ಅರಿಕಾರರ ಕೈಯಲ್ಲಿ ಸತ್ತನು. ಅವನಿಗಾಗಿ ಅವನ ಕಡೆಯವರು ಅರಿಕಾರರನ್ನು ಹಿಡಿದು ಕೊಂದರು. ಎರಡೂ ಕಡೆ ತಾಯಂದಿರು ಅತ್ತರು. ಸೇಡಿನ ಲೆಕ್ಕ ಎಂದಿಗೂ ಸರಿಹೋಗುವುದಿಲ್ಲ; ಪ್ರತಿಯೊಬ್ಬನೂ ತನಗೇ ಬಾಕಿ ಬರಬೇಕೆಂದು ಎಣಿಸುತ್ತಾನೆ.

ಬೀಗ ಹಾಕಿದ ಬಾಗಿಲು

ಪ್ರಿಯರೇ, ಬಿಟ್ಟುಹೋದವರನ್ನು ಹುಡುಕಿಕೊಂಡು ಸಾವಿನಿಂದ ಎದ್ದುಬಂದ ಇನ್ನೊಬ್ಬರನ್ನು ನಾವು ಬಲ್ಲೆವು. ಗೆತ್ಸೆಮನಿ ತೋಟದಲ್ಲಿ ತಮ್ಮೊಡನೆ ಎಚ್ಚರವಾಗಿರಿ ಎಂದು ಪ್ರಭು ಕೇಳಿಕೊಂಡಾಗ ಶಿಷ್ಯರು ನಿದ್ದೆ ಹೋದರು. ಬಂಧಿಸಲು ಬಂದಾಗ ಓಡಿಹೋದರು. ಪೇತ್ರನು ಕೆಂಡದ ಮುಂದೆ ಚಳಿ ಕಾಯಿಸಿಕೊಳ್ಳುತ್ತಾ ಆತನನ್ನು ನಾನರಿಯೆನೆಂದು ಮೂರು ಸಲ ಹೇಳಿದನು.

ಮೂರನೆಯ ದಿನ ಎದ್ದ ಪ್ರಭು ಅವರನ್ನೇ ಹುಡುಕಿಕೊಂಡು ಹೋದರು. ಅವರು ಬಾಗಿಲಿಗೆ ಬೀಗ ಹಾಕಿಕೊಂಡು ಒಳಗಿದ್ದರು. ಕೋಟೆಯಲ್ಲಿದ್ದ ಹುಡುಗನ ಹಾಗೆ ಅವರಿಗೂ ಭಯವೂ ನಾಚಿಕೆಯೂ ಇದ್ದಿರಬೇಕು. ಗ್ಲಾಸ್ ಬಂದದ್ದು ಕೈಯಲ್ಲಿ ಬಂದೂಕು ಹಿಡಿದು. ಪ್ರಭು ಬಂದದ್ದು ಗಾಯಗಳಿದ್ದ ಬರಿಗೈಯಲ್ಲಿ. ಗ್ಲಾಸ್ ಸೇಡಿಗಾಗಿ ಹೊರಟು ಕೊನೆಯ ಗಳಿಗೆಯಲ್ಲಿ ಕನಿಕರಪಟ್ಟನು. ಪ್ರಭು ಹೊರಟದ್ದೇ ಕನಿಕರದಿಂದ. ಅವರ ಬಾಯಿಂದ ಬಂದ ಮೊದಲ ಮಾತು ಶಾಂತಿ. ಆಮೇಲೆ ಸರೋವರದ ದಡದಲ್ಲಿ ಮತ್ತೆ ಕೆಂಡ ಹಾಕಿ, ಮೀನು ಸುಟ್ಟು, ಪೇತ್ರನನ್ನು ಊಟಕ್ಕೆ ಕರೆದರು. ಕೆಂಡದ ಮುಂದೆ ಬಿದ್ದವನನ್ನು ಕೆಂಡದ ಮುಂದೆಯೇ ಎತ್ತಿ ನಿಲ್ಲಿಸಿದರು. ಓಡಿಹೋದವನ ಕೈಗೇ ತಮ್ಮ ಕುರಿಮಂದೆಯನ್ನು ಒಪ್ಪಿಸಿದರು.

ನಮ್ಮ ಮನೆಗಳಲ್ಲಿ

ಮೊದಲನೆಯದಾಗಿ, ಬಿಡಲ್ಪಟ್ಟವರಿಗೆ ಒಂದು ಮಾತು. ತಾಯಿ ಹಾಸಿಗೆ ಹಿಡಿದಾಗ ತಿರುಗಿ ನೋಡದ ಅಣ್ಣ ಆಸ್ತಿ ಹಂಚುವ ದಿನ ಮೊದಲು ಬಂದು ಕುಳಿತಿರಬಹುದು. ಸಾಲದಲ್ಲಿ ಮುಳುಗಿದಾಗ ನೆಂಟರು ಫೋನ್ ಎತ್ತದೆ ಹೋಗಿರಬಹುದು. ನಿಮ್ಮ ನೋವು ಸುಳ್ಳಲ್ಲ. ಕ್ಷಮೆಯೆಂದರೆ ಏನೂ ನಡೆಯಲಿಲ್ಲವೆಂದು ನಟಿಸುವುದೂ ಅಲ್ಲ. ಗ್ಲಾಸ್ ತನ್ನ ಬಂದೂಕನ್ನು ಕೇಳಿ ಪಡೆದನು. ನ್ಯಾಯವಾಗಿ ನಿಮ್ಮದಾದುದನ್ನು ಕೇಳಬಹುದು. ಹೊಡೆಯುವವರಿಂದ ದೂರವಿರಬಹುದು, ಇರಲೇಬೇಕು. ಆದರೆ ಎದುರಿಗಿರುವವನ ನಾಶವನ್ನು ಬಯಸಬೇಡಿರಿ. ಅವನ ಮುಖವನ್ನು ಒಂದು ಸಲ ಸರಿಯಾಗಿ ನೋಡಿರಿ. ಅಲ್ಲಿ ಹೆದರಿದ ಹುಡುಗನೊಬ್ಬನು ಕಾಣಿಸಿದರೂ ಕಾಣಿಸಬಹುದು.

ಎರಡನೆಯದಾಗಿ, ಬಿಟ್ಟುಹೋದವರಿಗೆ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ತಪ್ಪಿದ ಬ್ರಿಡ್ಜರ್ ಮುಂದೆ ನೂರಾರು ಜನರಿಗೆ ದಾರಿ ತೋರಿದ ನಂಬಿಗಸ್ತ ಮಾರ್ಗದರ್ಶಿಯಾದನು. 1843ರಲ್ಲಿ ಅವನು ಕಟ್ಟಿದ ಠಾಣ್ಯವು ಪಶ್ಚಿಮಕ್ಕೆ ಹೋಗುವ ಕುಟುಂಬಗಳಿಗೆ ತಂಗುದಾಣವಾಯಿತು. ಅಂದು ಬಿಗ್‌ಹಾರ್ನ್‌ನಲ್ಲಿ ಅವನ ಲೆಕ್ಕ ತೀರಿಸಿದ್ದರೆ ಇದಾವುದೂ ಇರುತ್ತಿರಲಿಲ್ಲ. ನಿಮ್ಮ ತಪ್ಪು ನಿಮ್ಮ ಕಥೆಯ ಕೊನೆಯ ಪುಟವಲ್ಲ. ಆದರೆ ‘ಮಣ್ಣು ಮಾಡಿ ಬಂದೆವು’ ಎಂಬ ಸುಳ್ಳನ್ನು ಇನ್ನೂ ಹೇಳುತ್ತಾ ಕೂರಬೇಡಿರಿ. ಊರಿನಲ್ಲಿ ಒಂಟಿಯಾಗಿರುವ ತಂದೆತಾಯಿಯನ್ನು ಹೋಗಿ ನೋಡಿರಿ. ಪಾಪನಿವೇದನೆಯ ಸಂಸ್ಕಾರಕ್ಕೆ ಬನ್ನಿರಿ. ಅಲ್ಲಿ ನಿಮಗಾಗಿ ಕಾಯುತ್ತಿರುವವರ ಕೈಯಲ್ಲಿ ಬಂದೂಕಿಲ್ಲ.

ಮೂರನೆಯದಾಗಿ, ಉಳಿದವರಿಗೆ. ವರ್ಷಗಟ್ಟಲೆ ಅತ್ತೆಯ ಹಾಸಿಗೆ ಬದಲಿಸಿದ ಸೊಸೆ, ಮದುವೆಯನ್ನು ಮುಂದೂಡಿ ತಂದೆಯನ್ನು ನೋಡಿಕೊಂಡ ಮಗಳು, ಪಾರ್ಶ್ವವಾಯು ಬಡಿದ ಹೆಂಡತಿಗೆ ತುತ್ತು ತಿನ್ನಿಸುವ ಗಂಡ, ನೀವೆಲ್ಲ ಕ್ಲೈಮನ್‌ನ ಹಾಗೆ ಸೂಜಿ ಹಿಡಿದವರು. ನಿಮ್ಮ ಹೊಲಿಗೆ ಅಂದವಾಗಿಲ್ಲವೆಂದು ಯಾರಾದರೂ ಟೀಕಿಸಿದರೆ ನೊಂದುಕೊಳ್ಳಬೇಡಿರಿ. ರೋಗಿಗೆ ಮಾಡಿದ್ದನ್ನು ತಮಗೇ ಮಾಡಿದಂತೆ ಪ್ರಭು ಎಣಿಸುತ್ತಾರೆ.

ಬೆನ್ನಿನಲ್ಲಿ ಉಳಿದ ಬಾಣ

ಕೊನೆಯದಾಗಿ ಬ್ರಿಡ್ಜರ್‌ನ ಬಾಳಿನ ಇನ್ನೊಂದು ಸಂಗತಿ. 1832ರ ಕಾಳಗವೊಂದರಲ್ಲಿ ಅವನ ಬೆನ್ನಿಗೆ ಬಾಣ ಹೊಕ್ಕಿತು. ಬಾಣದ ಕಬ್ಬಿಣದ ಮೊನೆ ಒಳಗೇ ಉಳಿಯಿತು. ಸುಮಾರು ಮೂರು ವರ್ಷ ಅವನು ಅದನ್ನು ಹೊತ್ತುಕೊಂಡೇ ಕುದುರೆ ಏರಿದನು, ಬೇಟೆಯಾಡಿದನು, ಮಲಗಿದನು. 1835ರಲ್ಲಿ ಗ್ರೀನ್ ನದಿಯ ತೀರದಲ್ಲಿ ಬೇಟೆಗಾರರ ವಾರ್ಷಿಕ ಸಂತೆ ಸೇರಿದಾಗ ಮಾರ್ಕಸ್ ವಿಟ್ಮನ್ ಎಂಬ ಪ್ರಾಟೆಸ್ಟೆಂಟ್ ವೈದ್ಯರು ಬೆನ್ನು ಕೊಯ್ದು ಅದನ್ನು ತೆಗೆದರು. ಆಗ ಅರಿವಳಿಕೆಯ ಮದ್ದೂ ಇರಲಿಲ್ಲ. ಮೂರು ಅಂಗುಲ ಉದ್ದದ ಆ ಮೊನೆ ಮೂಳೆಗೆ ತಾಗಿ ಕೊಕ್ಕೆಯಂತೆ ಬಾಗಿತ್ತು. ಸುತ್ತಲೂ ಮಾಂಸ ಗಟ್ಟಿಯಾಗಿ ಬೆಳೆದುಕೊಂಡಿತ್ತು. ಆದ್ದರಿಂದಲೇ ತೆಗೆಯುವುದು ಅಷ್ಟು ಕಷ್ಟವಾಯಿತು.

ಹಳೆಯ ದ್ವೇಷವೂ ಹೀಗೆಯೇ. ಅದನ್ನು ಹೊತ್ತುಕೊಂಡೇ ದುಡಿಯಬಹುದು, ನಗಬಹುದು, ಪೂಜೆಗೂ ಬರಬಹುದು. ಆದರೆ ದಿನ ಕಳೆದಂತೆ ಅದು ಒಳಗೆ ಬಾಗಿ ಕೊಕ್ಕೆಯಾಗುತ್ತದೆ, ನಮ್ಮ ಮಾಂಸವೇ ಅದರ ಸುತ್ತ ಬೆಳೆಯುತ್ತದೆ. ಕೊನೆಗೆ ಅದು ನಮ್ಮದೇ ಅಂಗವೆಂದು ತಿಳಿಯುತ್ತೇವೆ. ಬೇಗ ತೆಗೆಸಿಕೊಂಡಷ್ಟೂ ನೋವು ಕಡಿಮೆ.

ಐದು ವರ್ಷಗಳ ಮೇಲೆ ಅದೇ ಗ್ರೀನ್ ನದಿಯ ತೀರದಲ್ಲಿ, 1840ರ ಜುಲೈ 5ರ ಭಾನುವಾರ, ಬೆಲ್ಜಿಯಂ ದೇಶದ ಯೇಸುಸಭೆಯ ಗುರು ಫಾದರ್ ಡಿ ಸ್ಮೆಟ್‌ರವರು ಪವಿತ್ರ ಬಲಿಪೂಜೆಯನ್ನು ಅರ್ಪಿಸಿದರು. ಬಯಲಿನ ಎತ್ತರದ ಜಾಗದಲ್ಲಿ ಹಸಿರು ಕೊಂಬೆಗಳಿಂದಲೂ ಕಾಡುಹೂಗಳಿಂದಲೂ ಪೀಠವನ್ನು ಸಿಂಗರಿಸಿದ್ದರು. ಬೇಟೆಗಾರರೂ ವ್ಯಾಪಾರಿಗಳೂ ಮೂಲನಿವಾಸಿಗಳೂ ಒಟ್ಟಾಗಿ ಸುತ್ತ ನೆರೆದಿದ್ದರು. ಕೆನಡಾದ ಬೇಟೆಗಾರರು ಫ್ರೆಂಚ್ ಮತ್ತು ಲ್ಯಾಟಿನ್ ಭಾಷೆಗಳಲ್ಲಿ ಹಾಡಿದರು. ಮೂಲನಿವಾಸಿಗಳು ತಮ್ಮ ಭಾಷೆಯಲ್ಲಿ ಹಾಡಿದರು. ಆ ಬಯಲಿಗೆ ಪೂಜೆಯ ಬಯಲು ಎಂದೇ ಹೆಸರಾಯಿತು.

ಮೊದಲು ಬಾಣ ಹೊರಗೆ ಬಂದಿತು, ಆಮೇಲೆ ಪೀಠ ಎದ್ದಿತು. ಪ್ರಭು ನಮಗೆ ಹೇಳಿದ ಕ್ರಮವೂ ಇದೇ. ಕಾಣಿಕೆಯನ್ನು ಪೀಠದ ಮುಂದೆ ಇಟ್ಟು, ಹೋಗಿ ಸೋದರನೊಡನೆ ಸಂಧಾನ ಮಾಡಿಕೊಂಡು ಬಂದು ಅರ್ಪಿಸಬೇಕೆಂದರು (ಮತ್ತಾಯ 5:23-24). ಬರುವ ಭಾನುವಾರದ ಬಲಿಪೂಜೆಗೆ ಮುಂಚೆ ಒಬ್ಬರ ಮನೆಯ ಬಾಗಿಲು ತಟ್ಟಿರಿ. ಅಷ್ಟು ಆಗದಿದ್ದರೆ ಒಂದು ಪತ್ರ ಬರೆಯಿರಿ, ಒಂದು ಫೋನ್ ಮಾಡಿರಿ. ಅದೂ ಆಗದಿದ್ದರೆ ಇಂದು ರಾತ್ರಿ ಕುಟುಂಬದ ಜಪಸರದಲ್ಲಿ ಅವರ ಹೆಸರನ್ನು ಎತ್ತಿ ಹೇಳಿರಿ. ತೆವಳುವುದೂ ನಡಿಗೆಯೇ. ಗ್ಲಾಸ್ ಹೊರಟದ್ದೂ ತೆವಳಿಕೊಂಡೇ.

ಪ್ರಾರ್ಥಿಸೋಣ:

ಪ್ರಭುವೇ, ನಿಮ್ಮವರೇ ನಿಮ್ಮನ್ನು ಬಿಟ್ಟು ಓಡಿದರೂ ನೀವು ಶಾಂತಿಯನ್ನು ಹೊತ್ತು ಅವರ ಬಾಗಿಲಿಗೆ ಬಂದಿರಿ. ನಮ್ಮ ಬೆನ್ನಿನಲ್ಲಿ ಉಳಿದ ಹಳೆಯ ಬಾಣಗಳನ್ನು ನಿಮ್ಮ ಕೈಯಿಂದ ತೆಗೆಯಿರಿ. ನಾವು ಬಿಟ್ಟುಬಂದವರ ಬಳಿಗೆ ಹಿಂತಿರುಗುವ ಧೈರ್ಯವನ್ನೂ, ನಮ್ಮನ್ನು ಬಿಟ್ಟುಹೋದವರ ಮುಖವನ್ನು ಕನಿಕರದಿಂದ ನೋಡುವ ಕಣ್ಣನ್ನೂ ಕೊಡಿರಿ. ರೋಗಿಗಳ ಬಳಿ ಉಳಿದಿರುವವರ ಕೈಗಳನ್ನು ಬಲಪಡಿಸಿರಿ. ಆಮೆನ್.